ಬಂದೂಕಿಗೆ ಬಿಸಿನೀರು

ಕೆನಡಾದ ವಿಟ್ಬಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಗುರಿ ಅಭ್ಯಾಸಕ್ಕೆ ರೈಫಲ್ ರೇಂಜಿಗೆ ಎರಡು ಫ್ಲಾಸ್ಕು ಒಯ್ಯುತ್ತಿದ್ದರು. ಒಂದರಲ್ಲಿ ತಮ್ಮ ಚಹಾ, ಇನ್ನೊಂದರಲ್ಲಿ ರೈಫಲ್ ತೊಳೆಯುವ ಬಿಸಿನೀರು. ಸೈನ್ಯದ ಹಳೆಯ ಗುಂಡು ಹಾರಿಸಿದರೆ ನಳಿಗೆಯಲ್ಲಿ ಉಪ್ಪು ಉಳಿದು ತುಕ್ಕು ಹಿಡಿಯುತ್ತದೆ. ಗುಂಡಿನ ಡಬ್ಬಿಯ ಮೇಲೆ ‘ತುಕ್ಕು ಹಿಡಿಸದು’ ಎಂದು ಬರೆದಿದ್ದರೂ ಕಾಕಾ ನಂಬುತ್ತಿರಲಿಲ್ಲ.

"ಎಣ್ಣಿಗೆ ಉಪ್ಪು ಹೋಗೂದಿಲ್ಲ ತಮ್ಮಾ, ನೀರೇ ಬೇಕು" ಎನ್ನುತ್ತ ನೀರು ಸುರಿದು, ಒರೆಸಿ, ಕೊನೆಗೆ ಎಣ್ಣೆ ಸವರುತ್ತಿದ್ದರು. ನಳಿಗೆಯಿಂದ ಏಳುವ ಹಬೆಯನ್ನು ಮೋಡ ನೋಡುವವರಂತೆ ನೋಡುತ್ತ ನಿಲ್ಲುತ್ತಿದ್ದರು.

ಅಕ್ಟೋಬರಿನ ಒಂದು ಶನಿವಾರ ನಾವು ರೇಂಜಿನಲ್ಲಿದ್ದಾಗ, ಅವರ ಮಗಳಿಗೆ ಹೆರಿಗೆ ನೋವೆಂದು ಫೋನ್ ಬಂತು. ಕಾಕಾ ಗಡಿಬಿಡಿಯಲ್ಲಿ ಕೈಗೆ ಸಿಕ್ಕ ಫ್ಲಾಸ್ಕನ್ನು ನಳಿಗೆಗೆ ಸುರಿದು, ರೈಫಲ್ಲನ್ನು ಕಾರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿದರು. ಆಸ್ಪತ್ರೆಯಲ್ಲಿ ಅವರ ಹೆಂಡತಿ ಕಾಕೂ ಚಹಾಕ್ಕೆಂದು ಇನ್ನೊಂದು ಫ್ಲಾಸ್ಕು ಬಗ್ಗಿಸಿದರೆ ಬರೀ ಬಿಸಿನೀರು.

"ಏನ್ರೀ, ಬಂದೂಕಿಗೆ ಚಾ ಕುಡಿಸಿ ಬಂದೀರೇನ್?"

"ಅಯ್ಯ, ಸಕ್ಕರಿ ಹಾಕಿದ್ದು!" ಎಂದು ಕಾಕಾ ಬಾಗಿಲವರೆಗೆ ಓಡಿದರು. ಅಷ್ಟರಲ್ಲಿ ಒಳಗೆ ಮಗು ಅತ್ತಿತು. ಅವರು ಮರಳಿ ಬಂದು ಕೂತರು, ಮರುದಿನದವರೆಗೂ ಏಳಲಿಲ್ಲ.

ಮುಂದೆ ಕಾಕಾ, ಮಗಳ ಹತ್ತಿರ ಇರಲೆಂದು ಅವಳ ಊರಾದ ಮಾರ್ಕಮ್‌ಗೆ ಮನೆ ಬದಲಿಸುವಾಗ, ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗಿನ ಕಂದು ಕಲೆ ತೋರಿಸಿದರು.

"ನೋಡ್ ತಮ್ಮಾ, ಮೊಮ್ಮಗಳ ಹುಟ್ಟುಮಚ್ಚಿ."

ಅದನ್ನು ತಿಕ್ಕಲಿಲ್ಲ. ಮೇಲೆ ಎಣ್ಣೆ ಸವರಿ ಪೆಟ್ಟಿಗೆಯಲ್ಲಿಟ್ಟರು.