ಹೊತ್ತು ಮುಳುಗುವ ಮುಂಚಿನ ಮುಲಾಮು

ಖಾನಾಪುರದ ಹಲ್ಲಿನ ಡಾಕ್ಟರು ನನ್ನ ಕೆಳಗಿನ ಮುಂದಿನ ಹಲ್ಲುಗಳನ್ನು ಅಲ್ಲಾಡಿಸಿ ನೋಡಿ, "ಇವೆಲ್ಲಾ ತೆಗದು ಸೆಟ್ ಕೂಡ್ರಿಸೂಣ್ರಿ" ಎಂದಾಗ ಪಿತ್ತ ನೆತ್ತಿಗೇರಿತು. ನನ್ನ ಬಾಯಿ, ನನ್ನ ಹಲ್ಲು. ನನ್ನನ್ನು ಒಂದು ಮಾತು ಕೇಳಬೇಡವೇ? "ಹಲ್ಲು ಗಟ್ಟಿ ಅದಾವ್ರಿ, ಒಸಡಷ್ಟ ಸೋತೈತಿ. ಅದಕ್ಕ ಔಷಧ ಇದ್ರ ಹೇಳ್ರಿ" ಎಂದು ಎದ್ದು ಬಂದೆ.

ಬೆಳಗಾವಿಯ ದಂತ ಕಾಲೇಜೊಂದರಲ್ಲಿ ಒಸಡಿನ ಬಾವು ಇಳಿಸುವ ಹೊಸ ಮುಲಾಮಿನ ಪರೀಕ್ಷೆ ನಡೆದಿದೆ ಎಂದು ಅಲ್ಲೇ ಮಹಾಂತೇಶ ನಗರದಲ್ಲಿರುವ ತಂಗಿ ಫೋನು ಮಾಡಿದಳು. ಹೋದೆ. ಎಲ್ಲರ ಹಲ್ಲಿನ ಬುಡ ಕೆರೆದು ಸ್ವಚ್ಛ ಮಾಡಿ ಒಂದೊಂದು ಟ್ಯೂಬು ಕೊಟ್ಟರು. ಅರ್ಧ ಜನರ ಟ್ಯೂಬಿನಲ್ಲಿ ಔಷಧಿ, ಉಳಿದವರದ್ದರಲ್ಲಿ ಸಾದಾ ಮುಲಾಮು. ಯಾರಿಗೆ ಯಾವುದೆಂದು ಕೊಡುವವರಿಗೂ ಗೊತ್ತಿಲ್ಲ. ರಾತ್ರಿ ಮಲಗುವ ಮುಂಚೆ ಹಚ್ಚಿಕೊಳ್ಳಿ ಎಂದರು.

ಅಲ್ಲೇ ಎಡವಟ್ಟಾಯಿತು. ನಾವು ಜೈನರು. ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ, ನೀರು ಕೂಡ. ನಾನು ಬೆಳಕಿರುವಾಗಲೇ ಉಂಡು, ಹಲ್ಲುಜ್ಜಿ, ಮುಲಾಮು ಹಚ್ಚಿ ಮುಗಿಸುತ್ತಿದ್ದೆ. ಅದನ್ನು ಹೇಳಬೇಕೆಂದು ಹೊಳೆಯಲೂ ಇಲ್ಲ.

ತಪಾಸಣೆಗೆ ಹೋದಾಗ ಮಾತಿನ ಭರದಲ್ಲಿ ಹೊರಬಿತ್ತು. ಪರೀಕ್ಷೆ ನಡೆಸುತ್ತಿದ್ದ, ನನ್ನನ್ನು ಚಿಕ್ಕಮ್ಮನಂತೆ ಕಾಣುತ್ತಿದ್ದ ಡಾಕ್ಟರ್ ಹುಡುಗಿ ಹೌಹಾರಿದಳು. "ಅಯ್ಯ ಕಾಕೂ, ರಾತ್ರಿ ಅಂದಿದ್ವಿ! ಇನ್ನ ನಿಮ್ಮನ್ನ ಪರೀಕ್ಷಾದಾಗ ಇಟ್ಕೊಳ್ಳಾಕ ಬರಂಗಿಲ್ರಿ."

"ಯಾಕ ಬರಂಗಿಲ್ಲ? ಈ ಕಡೆ ನಮ್ಮಂಥಾ ಮಂದಿ ಎಷ್ಟ ಅದಾರ ಗೊತ್ತೈತೇನವಾ? ನಾಳೆ ಈ ಔಷಧ ಅಂಗಡಿಗೆ ಬಂದ್ರ ನಾವು ಹಿಂಗ ಹಚ್ಚವ್ರು. ನಮ್ಮ ಒಸಡು ಒಸಡಲ್ಲೇನು?" ಸಾಲಿನಲ್ಲಿ ಕುಳಿತವರೆಲ್ಲ ತಿರುಗಿ ನೋಡಿದರು. ನೋಡಲಿ.

ಗದ್ದಲ ಕೇಳಿ ಹಿರಿಯ ಡಾಕ್ಟರು ಬಂದರು. "ಹಚ್ಚಿದ ಮ್ಯಾಲೆ ಏನರ ತಿಂತೀರೇನ್ರಿ?"

"ಮುಂಜಾನಿತನಕ ಹನಿ ನೀರಿಲ್ರಿ."

ಅವರು ನಕ್ಕುಬಿಟ್ಟರು. "ಹಚ್ಚಿದ್ದು ತೊಳದು ಹೋಗಬಾರದಂತನ ರಾತ್ರಿ ಅಂದಿದ್ವಿ. ಇರ್ರಿ ನೀವು. ಹಿಂಗ ಹಚ್ಚತಾರಂತ ಬರಕೋತೀವಿ."

ಪರೀಕ್ಷೆ ಮುಗಿದು ಗುಟ್ಟು ಒಡೆದಾಗ ತಿಳಿಯಿತು, ನನ್ನದು ಸಾದಾ ಮುಲಾಮು. ಔಷಧಿ ಹಚ್ಚಿದವರ ಒಸಡು ನಮಗಿಂತ ಬಿಗಿಯಾಗಿತ್ತು. ನನ್ನದೊಂದು ಹಲ್ಲು ಅಷ್ಟರಲ್ಲೇ ಉದುರಿತ್ತು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ?

"ನಿಮ್ಮಂಥವರು ಇದ್ದದ್ದಕ್ಕನ ಔಷಧದ ಗುಣ ಗೊತ್ತಾತ್ರಿ ಕಾಕೂ" ಎಂದು ಹುಡುಗಿ ಸಮಾಧಾನ ಹೇಳಿದಳು.

"ಗೊತ್ತಾತಲ್ಲ? ಈಗ ಖರೇದು ಕೊಡವಾ" ಎಂದು ಕೈ ಒಡ್ಡಿದೆ. ಕೊಟ್ಟಳು.

ತಂಗಿಯ ಮನೆಯಲ್ಲಿ ಉಂಡು ಹಲ್ಲುಜ್ಜಿಯೇ ಖಾನಾಪುರದ ಬಸ್ಸು ಹತ್ತಿದೆ. ಕಿಟಕಿಯಾಚೆ ಹೊತ್ತು ಇಳಿಯುತ್ತಿತ್ತು. ಮನೆ ಮುಟ್ಟುವವರೆಗೆ ಕಾಯುವಂತಿರಲಿಲ್ಲ. ಟ್ಯೂಬಿನ ಮುಚ್ಚಳ ತೆಗೆದು ಬೆರಳು ಬಾಯಿಗಿಟ್ಟೆ.

ಪಕ್ಕದಲ್ಲಿ ಕುಳಿತ ಹೆಂಗಸು ಮುಖ ಸಿಂಡರಿಸಿದಳು. "ಏನ್ರಿ ಇದು, ಬಸ್ಸಿನಾಗ ತಂಬಾಕ ತಿಕ್ಕೋತೀರಿ?"

"ಉಳದ ಹಲ್ಲು ಕಾಯಾಕತ್ತೇನ್ರಿ" ಎಂದೆ. ಅವಳು ನೋಡುತ್ತಿದ್ದಂತೆಯೇ ಇನ್ನೊಂದು ಬದಿಗೂ ಹಚ್ಚಿದೆ.