‘ನಮ್ಮ ಮಂದಿ ಹೊಳಿಗೆ ಹೋಗ್ಯಾರ’

ಟೈಪ್ ಮಾಡುತ್ತಲೇ ನೀಲಮ್ಮ ಕಥೆಯೊಳಗಿನ ಪಾತ್ರಗಳ ಜೊತೆ ಜಗಳಕ್ಕೆ ಬೀಳುತ್ತಿದ್ದರು. ಹೊಸಪೇಟೆ ಬಸ್ ನಿಲ್ದಾಣದ ಹಿಂದಿನ ಜೆರಾಕ್ಸ್ ಅಂಗಡಿಯಲ್ಲಿ ಮದುವೆ ಕಾರ್ಡು, ಬಾಡಿಗೆ ಕರಾರುಗಳ ನಡುವೆ ನನ್ನ ಕಥೆಗಳನ್ನೂ ಟೈಪ್ ಮಾಡಿಕೊಡುತ್ತಿದ್ದವರು ಅವರೇ. “ಏನ್ ಹುಚ್ಚಿ ಅದಿ ನೀ! ಅಂವ ಬರೂದಿಲ್ಲ, ಉಂಡು ಮಕ್ಕೋ,” ಎಂದು ಪರದೆಯನ್ನು ಗದರಿಸುವುದು ಹೊರಗೆ ನಿಂತವರಿಗೂ ಕೇಳಿಸುತ್ತಿತ್ತು.

ಗಂಡ ಬಿಟ್ಟುಹೋಗಿ ಎಷ್ಟೋ ವರ್ಷವಾಗಿತ್ತು. ಮಕ್ಕಳಿಲ್ಲ. ಕಂಪ್ಲಿಯ ಒಂದು ಬಾಡಿಗೆ ಕೋಣೆಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದರು. ಒಮ್ಮೆ ನನ್ನ ಕಥೆಯ ವಿಧವೆ ನಾಲ್ಕು ಪುಟ ಅತ್ತಾಗ ಕೈ ನಿಲ್ಲಿಸಿ ನನ್ನತ್ತ ತಿರುಗಿದರು.

“ಸರ್, ಒಬ್ಬಾಕಿನ ಇರೋ ಹೆಂಗಸು ಹಿಂಗ ಅಳ್ತಾ ಕುಂದ್ರೂದಿಲ್ರಿ. ಅತ್ರ ನೋಡೋರು ಬೇಕಲ್ಲ? ಆಕಿಗೆ ಏನಾರ ಕೆಲಸ ಹಚ್ಚರಿ. ತೊಳದ ಡಬ್ಬೀನ ಮತ್ತ ತೊಳೀಲಿ. ಓದೋರ ಕರಳು ತಾನ ಚುರ್ ಅಂತೈತಿ.”

ನಾಲ್ಕು ಪುಟ ಹೊಡೆದುಹಾಕಿ ಅವರು ಹೇಳಿದಂತೆಯೇ ಬರೆದೆ. ಆ ಕಥೆಯನ್ನು ಜನ ಮೆಚ್ಚಿದರು.

ಒಂದು ಭಾನುವಾರ ಹಂಪಿ ಬಜಾರಿನ ಕಲ್ಲುಮಂಟಪದಲ್ಲಿ ಅವರನ್ನು ಕಂಡೆ. ಮದುವೆಗೆ ಉಡುವಂಥ ಸೀರೆ, ಪಕ್ಕದಲ್ಲಿ ಬುತ್ತಿ ಗಂಟು. ಯಾತ್ರೆಗೆ ಬಂದ ಹೆಂಗಸೊಬ್ಬಳು ಯಾರ ಜೊತೆ ಬಂದಿರೆಂದು ಕೇಳಿದಾಗ, “ನಮ್ಮ ಮಂದಿ ಹೊಳಿಗೆ ಹೋಗ್ಯಾರವ್ವಾ, ಜಳಕ ಮಾಡ್ಕೊಂಡು ಈಗ ಬರ್ತಾರ,” ಎಂದರು. ಅಷ್ಟರಲ್ಲಿ ನನ್ನನ್ನು ನೋಡಿ ಅವರ ಮುಖ ಸಣ್ಣಗಾಯಿತು. ಆ ಹೆಂಗಸು ಹೋದ ಮೇಲೆ ಮೆಲ್ಲಗೆ ಹೇಳಿದರು:

“ಪ್ರತಿ ಐತವಾರ ಬರ್ತೀನ್ರಿ. ಮಂದಿ ಇದ್ದಾಕಿ ಅಂದ್ರ ಯಾರಾರ ಪಕ್ಕದಾಗ ಕುಂತು ಮಾತಾಡ್ತಾರ. ಯಾರ ಮುಂದೂ ಹೇಳಬ್ಯಾಡ್ರಿ.”

“ಇಲ್ರಿ ಅಕ್ಕಾರ,” ಎಂದೆ.

ಹೇಳಲಿಲ್ಲ, ಬರೆದೆ. ಕಾದಂಬರಿಯೊಂದರಲ್ಲಿ ಆ ಮಂಟಪ, ಆ ಸೀರೆ, ಆ ಮಾತು ಎಲ್ಲವನ್ನೂ ಇಟ್ಟೆ. ನಾಚಿಕೆಯಿಲ್ಲದೆ ಅವರ ಕೈಯಲ್ಲೇ ಟೈಪ್ ಮಾಡಿಸಿದೆ. ಎಲ್ಲ ಪಾತ್ರಗಳ ಜೊತೆ ಜಗಳವಾಡುತ್ತಿದ್ದವರು ಆ ಅಧ್ಯಾಯಕ್ಕೆ ಮಾತ್ರ ತುಟಿ ಬಿಚ್ಚಲಿಲ್ಲ. ಎರಡು ಕಾಗುಣಿತ ತಿದ್ದಿ ಕೊಟ್ಟರು. ಆ ಮೌನವನ್ನು ಒಪ್ಪಿಗೆಯೆಂದು ತಿಳಿಯುವುದು ನನಗೆ ಅನುಕೂಲವಾಗಿತ್ತು.

ಪುಸ್ತಕ ಓದಿದವರು ಫೋನು ಮಾಡಿ ಅತ್ತರು. ಆಕೆ ಸಿಕ್ಕರೆ ಮನೆಗೇ ಕರೆದೊಯ್ಯುತ್ತಿದ್ದೆವು ಎಂದರು. ನಾನು ಉಬ್ಬಿದೆ.

ಮುಂದಿನ ಹಸ್ತಪ್ರತಿ ಒಯ್ದಾಗ ನೀಲಮ್ಮ ಅದನ್ನು ಮುಟ್ಟಲಿಲ್ಲ.

“ಪುಸ್ತಕ ಹಿಡಕೊಂಡು ಬಂದೋರು ಹಂಪ್ಯಾಗ ಬಳೆ ಅಂಗಡಿಯಾಕಿನ್ನ ಆ ಹೆಂಗಸು ಎಲ್ಲದಾಳ ಅಂತ ಕೇಳ್ಯಾರ. ಪುಸ್ತಕದಾಗಿನಾಕಿ ನಾನ ಅಂತ ಆಕಿಗೆ ಗೊತ್ತಾಗೇತಿ. ‘ನಿಮ್ಮ ಮಂದಿ ಹೊಳಿಂದ ಇನ್ನೂ ಬಂದಿಲ್ಲೇನ್ರಿ’ ಅಂದ್ಳು. ಸುತ್ತ ಇದ್ದೋರೆಲ್ಲ ನಕ್ರು.” ಪರದೆಯಿಂದ ನನ್ನತ್ತ ತಿರುಗಿ ಕೇಳಿದರು: “ಭಾಳ ಚಲೋ ಬರದೀರಿ ಸರ್. ಆಕಿಗೆ ಎಲ್ರೂ ಮರುಗ್ತಾರ. ನಾ ಈಗ ಐತವಾರ ಎಲ್ಲಿಗೆ ಹೋಗ್ಲಿ?”

“ತಪ್ಪಾತ್ರಿ ಅಕ್ಕಾರ,” ಎಂದೆ. ಅವರು ಹಿಂದೆ ನಿಂತಿದ್ದ ಗಿರಾಕಿಯ ಆಧಾರ್ ಕಾರ್ಡು ಇಸಿದುಕೊಂಡು ಜೆರಾಕ್ಸ್ ಯಂತ್ರದತ್ತ ಹೋದರು.

ಮರುತಿಂಗಳು ಅವರು ಅಲ್ಲಿರಲಿಲ್ಲ. ಸಂಡೂರಿನ ಕಡೆ ಹೋದರೇನೋ ಎಂದರು ಅಂಗಡಿಯವರು; ಕಂಪ್ಲಿಯ ಕೋಣೆಗೆ ಬೀಗವಿತ್ತು. ಇಂದಿಗೂ ಸಭೆಗಳಲ್ಲಿ ಯಾರಾದರೂ ಎದ್ದು, ಕಾದಂಬರಿಯ ಆ ಹೆಂಗಸು ಮುಂದೆ ಏನಾದಳು ಎಂದು ಕೇಳುತ್ತಾರೆ. ನಾನು ಚೆಂದದ ಉತ್ತರವನ್ನೇ ಕೊಡುತ್ತೇನೆ. ಜನ ಕಣ್ಣೊರೆಸಿಕೊಳ್ಳುತ್ತಾರೆ. ನೀಲಮ್ಮ ಏನಾದರೆಂದು ಯಾರೂ ಕೇಳುವುದಿಲ್ಲ.