ನರಸಿಂಹಮೂರ್ತಿಗಳ ಸುಸಾನಾ

ಲಂಡನ್ನಿನ ಕ್ರೋಯ್ಡನ್ ಬಡಾವಣೆಯ ನರಸಿಂಹಮೂರ್ತಿಗಳಿಗೆ ಬೇಸ್‌ಬಾಲ್ ಹುಚ್ಚು ಹಿಡಿದದ್ದಕ್ಕೆ ಕಾರಣ ಬೇಸ್‌ಬಾಲ್ ಅಲ್ಲ, ಅಶ್ವತ್ಥನಾರಾಯಣ.

ಅಶ್ವತ್ಥನಾರಾಯಣರು ಹೌನ್ಸ್ಲೋದವರು, ಹೀಥ್ರೋ ವಿಮಾನ ನಿಲ್ದಾಣದ ಹತ್ತಿರದ ಸರಕು ಗೋದಾಮಿನಲ್ಲಿ ಸೂಪರ್‌ವೈಸರ್. ಯುಗಾದಿ, ಗಣೇಶನ ಹಬ್ಬ ಎಂದು ಬಾಡಿಗೆಗೆ ಹಿಡಿದ ಶಾಲೆಯ ಹಾಲಿನಲ್ಲಿ ಕನ್ನಡದವರು ಸೇರಿದಾಗ ಮಂತ್ರ ಹೇಳುವುದು ಪುರೋಹಿತರ ಕೆಲಸ, ಕ್ರಿಕೆಟ್ ಬಗ್ಗೆ ಕೊನೆಯ ಮಾತು ಹೇಳುವುದು ಇವರ ಕೆಲಸ. ಹುಡುಗರಾಗಿದ್ದಾಗ ಬೆಂಗಳೂರಿನ ನೆಟ್ಸ್‌ನಲ್ಲಿ ರಣಜಿ ಆಟಗಾರರಿಗೆ ಚೆಂಡು ಹೆಕ್ಕಿ ಕೊಟ್ಟಿದ್ದರಂತೆ. ಇದು ತೊಂಬತ್ತೆರಡರಲ್ಲಿ ಹೇಳಿದ ಮಾತು. ತೊಂಬತ್ತಾರರ ಹೊತ್ತಿಗೆ ಅವರು ಹೆಕ್ಕುವುದು ಬಿಟ್ಟು ಬೌಲಿಂಗ್ ಮಾಡಿದ್ದರು. ತೊಂಬತ್ತೊಂಬತ್ತರ ವಿಶ್ವಕಪ್ ಬರುವಷ್ಟರಲ್ಲಿ ಮೂವರನ್ನು ಔಟ್ ಮಾಡಿ, ಒಬ್ಬರ ಬ್ಯಾಟಿಂಗ್ ದೋಷವನ್ನೂ ತಿದ್ದಿ ಆಗಿತ್ತು.

ಮೂರ್ತಿಗಳು ಲಂಡನ್ನಿಗೆ ಬಂದದ್ದು ತೊಂಬತ್ತೊಂದರಲ್ಲಿ, ಕ್ರೋಯ್ಡನ್ನಿನ ಒಂದು ಇನ್ಶೂರೆನ್ಸ್ ಕಂಪನಿಯ ಕಂಪ್ಯೂಟರ್ ವಿಭಾಗಕ್ಕೆ. ಅವರಿಗೂ ಕ್ರಿಕೆಟ್ ಬಗ್ಗೆ ಅಭಿಪ್ರಾಯಗಳಿದ್ದವು. ಹನ್ನೆರಡು ವರ್ಷ ಒಂದನ್ನಾದರೂ ಪೂರ್ತಿ ಹೇಳಲು ಆಗಲಿಲ್ಲ. ಬಾಯಿ ತೆರೆದರೆ ಸಾಕು, ಅಶ್ವತ್ಥನಾರಾಯಣರು ಕೈ ಎತ್ತಿ, "ಮೂರ್ತಿಗಳೇ, ನಾನು ಅವರ ಪಕ್ಕದಲ್ಲೇ ನಿಂತು ನೋಡಿದೋನು. ನೀವು ಇನ್ಶೂರೆನ್ಸ್ ನೋಡ್ಕೊಳ್ಳಿ" ಅನ್ನುತ್ತಿದ್ದರು. ಜನ ನಗುತ್ತಿದ್ದರು. ಮೂರ್ತಿಗಳೂ ನಗುತ್ತಿದ್ದರು. ಮನೆಗೆ ಬರುವ ದಾರಿಯುದ್ದಕ್ಕೂ ಆಮೇಲೆ ಮಾತಿಲ್ಲ.

ಎರಡು ಸಾವಿರದ ಮೂರರಲ್ಲಿ ಆಫೀಸಿಗೆ ಅಮೆರಿಕದಿಂದ ಡೇಲ್ ಎಂಬ ಸಹೋದ್ಯೋಗಿ ಕೆಲವು ತಿಂಗಳ ಮಟ್ಟಿಗೆ ಬಂದ. ಊಟದ ಹೊತ್ತಿನಲ್ಲಿ ಅವನು ಬೇಸ್‌ಬಾಲ್ ಪುರಾಣ ಬಿಚ್ಚುತ್ತಿದ್ದ. ಅಮೆರಿಕದ ದೊಡ್ಡ ತಂಡಗಳು ಕೆರಿಬಿಯನ್ನಿನ ಡೊಮಿನಿಕನ್ ದ್ವೀಪ, ವೆನೆಜುವೆಲಾ ಕಡೆಯ ಹುಡುಗರನ್ನು ಹದಿನಾರನೇ ವಯಸ್ಸಿಗೇ ಹಿಡಿದು, ಶಿಬಿರದಲ್ಲಿಟ್ಟು ಸಾಕುತ್ತವಂತೆ. ಅವರಿಗಾಗಿಯೇ ಆ ದ್ವೀಪದಲ್ಲಿ ಒಂದು ಬೇಸಿಗೆ ಲೀಗ್, ಏಣಿಯ ತೀರಾ ಕೆಳಗಿನ ಮೆಟ್ಟಿಲು. ನೂರು ಹುಡುಗರಲ್ಲಿ ಮೇಲೆ ಹತ್ತುವವರು ಇಬ್ಬರೋ ಮೂವರೋ.

"ಅದನ್ನ ಯಾರು ನೋಡ್ತಾರೆ?" ಎಂದರು ಮೂರ್ತಿಗಳು.

"ಯಾರೂ ನೋಡಲ್ಲ. ಬೆಳಗ್ಗೆ ಬಿಸಿಲಲ್ಲಿ ಆಡ್ತಾರೆ. ಅವರ ಅಮ್ಮಂದಿರೂ ಬರಲ್ಲ," ಎಂದ ಡೇಲ್.

ಮೂರ್ತಿಗಳ ಕಿವಿ ನೆಟ್ಟಗಾಯಿತು. ಜಗತ್ತಿನಲ್ಲಿ ಯಾರೂ ನೋಡದ ಆಟ. ಅಂದರೆ, ಪಕ್ಕದಲ್ಲೇ ನಿಂತು ನೋಡಿದೆ ಎಂದು ಹೇಳಲು ಅಶ್ವತ್ಥನಾರಾಯಣನಿಗೆ ಸಾಧ್ಯವೇ ಇಲ್ಲದ ಆಟ.

ಅಂದಿನಿಂದ ಅಧ್ಯಯನ ಶುರುವಾಯಿತು. ಇಂಟರ್ನೆಟ್ಟಿನಲ್ಲಿ ಆ ಲೀಗಿನ ಅಂಕಿಗಳು ಸಿಗುತ್ತಿದ್ದವು: ಯಾರು ಎಷ್ಟು ಹೊಡೆದ, ಯಾರಿಗೆ ಎಷ್ಟು ಚೆಂಡು ತಪ್ಪಿತು, ಯಾರ ಎತ್ತರವೆಷ್ಟು, ತೂಕವೆಷ್ಟು. ಇನ್ಶೂರೆನ್ಸಿನಲ್ಲಿ ಯಾರು ಯಾವಾಗ ಸಾಯುತ್ತಾರೆಂದು ಲೆಕ್ಕ ಹಾಕುವವರ ನಡುವೆ ಕೂತು ಅಭ್ಯಾಸವಿದ್ದ ಮೂರ್ತಿಗಳಿಗೆ, ಯಾರು ಯಾವಾಗ ಬೆಳೆಯುತ್ತಾರೆಂದು ಹೇಳುವುದು ದೊಡ್ಡ ಮಾತೇ ಅಲ್ಲ ಎನಿಸಿತು. ಮೊದಲ ವರ್ಷ ಮೂವರನ್ನು ಆರಿಸಿ, ಭವಿಷ್ಯದ ಮಹಾಪುರುಷರು ಎಂದು ಘೋಷಿಸಿದರು. ಒಬ್ಬ ಮನೆಗೆ ಹೋದ. ಒಬ್ಬನ ಮೊಣಕೈ ಹೋಯಿತು. ಇನ್ನೊಬ್ಬನ ಹುಟ್ಟಿದ ವರ್ಷವೇ ಹೋಯಿತು. ಹದಿನೇಳು ಎಂದಿದ್ದವನಿಗೆ ಇಪ್ಪತ್ತೊಂದು ಎಂದು ಪತ್ತೆಯಾಯಿತು. ಮೂರ್ತಿಗಳು ಎದೆಗುಂದಲಿಲ್ಲ. ವಿದ್ವತ್ತಿಗೂ ಫಲಿತಾಂಶಕ್ಕೂ ಸಂಬಂಧವಿರಬೇಕೆಂದು ಎಲ್ಲಿಯೂ ಹೇಳಿಲ್ಲವಲ್ಲ.

ಹೆಂಡತಿ ಕಾಮಾಕ್ಷಿ ಜಿಪಿ ಸರ್ಜರಿಯೊಂದರಲ್ಲಿ, ಅಂದರೆ ಬಡಾವಣೆಯ ಡಾಕ್ಟರ ಕ್ಲಿನಿಕ್ಕಿನಲ್ಲಿ, ರಿಸೆಪ್ಷನಿಸ್ಟ್. ಡಾಕ್ಟರನ್ನು ಇವತ್ತೇ ನೋಡಬೇಕು ಎನ್ನುವವರಿಗೆ ಮುಂದಿನ ಗುರುವಾರ ಬನ್ನಿ ಎಂದು ದಿನವೂ ಹೇಳಿ ಹೇಳಿ ಅವಳ ನಾಲಿಗೆ ಹದವಾಗಿತ್ತು. ಎರಡು ಸಾವಿರದ ಐದರ ಬೇಸಿಗೆಯಲ್ಲಿ ಗಂಡ ಊಟಕ್ಕೆ ಕೂತಾಗೆಲ್ಲ "ಸುಸಾನಾ, ಸುಸಾನಾ" ಎಂದು ಗೊಣಗುವುದು ಅವಳ ಕಿವಿಗೆ ಬಿತ್ತು. ಒಂದೆರಡು ದಿನ ಸುಮ್ಮನಿದ್ದಳು. ಮೂರನೆಯ ದಿನ ಸಾರಿನ ಸೌಟು ಕೈಯಲ್ಲಿ ಹಿಡಿದೇ ಕೇಳಿದಳು:

"ಯಾರ್ರೀ ಅದು ಸುಸಾನಾ?"

"ಸುಸಾನಾ ನಿನ್ನೆ ಎರಡು ಸಲ ದೂರಕ್ಕೆ ಹೊಡೆದ ಕಣೇ," ಎಂದರು ಮೂರ್ತಿಗಳು ಕನಸಿನಲ್ಲಿದ್ದವರಂತೆ.

ಹೊಡೆದ. ಹೊಡೆದಳು ಅಲ್ಲ. ಕಾಮಾಕ್ಷಿ ಸೌಟು ಕೆಳಗಿಟ್ಟಳು.

ವಿಲ್ಕಿನ್ ಸುಸಾನಾ. ವಯಸ್ಸು ಹದಿನೇಳು, ಡೊಮಿನಿಕನ್ ಹುಡುಗ, ಆರಡಿ ಎರಡಿಂಚು. ಆ ಬೇಸಿಗೆ ಅವನು ಹೊಡೆದದ್ದೇ ಹೊಡೆದದ್ದು. ಮೂರ್ತಿಗಳಿಗೆ ಅವನ ತೂಕ ಮೂರು ಪೌಂಡ್ ಏರಿದ್ದು ಗೊತ್ತಿತ್ತು. ಅವನಿಗಿಂತ ಒಂದೇ ವರ್ಷ ಚಿಕ್ಕವಳಾದ ಸ್ವಂತ ಮಗಳು ಸಿರಿಶಾ ಆ ತಿಂಗಳು ಎ ಲೆವೆಲ್‌ಗೆ, ಅಂದರೆ ಇಲ್ಲಿನ ಪಿಯುಸಿಗೆ, ಯಾವ ವಿಷಯ ತೆಗೆದುಕೊಂಡಳು ಎಂದು ಮಾತ್ರ ಗೊತ್ತಿರಲಿಲ್ಲ. ಒಮ್ಮೆ ಕೇಳಿದ್ದರು. "ಐ ಟೋಲ್ಡ್ ಯೂ, ಡ್ಯಾಡ್" ಎಂದಿದ್ದಳು. ಹೇಳಿದ್ದಾಳೆ ಅಂದ ಮೇಲೆ ಸರಿ ಎಂದು ಬಿಟ್ಟಿದ್ದರು.

ಆ ವರ್ಷದ ಗಣೇಶನ ಹಬ್ಬದಲ್ಲಿ ಮೂರ್ತಿಗಳಿಗೆ ಜೀವಮಾನದ ಗೆಲುವು ಸಿಕ್ಕಿತು. ಆಗಷ್ಟೇ ಇಂಗ್ಲೆಂಡ್ ಆ್ಯಷಸ್ ಗೆಲ್ಲುವ ದಾರಿಯಲ್ಲಿತ್ತು. ಅಶ್ವತ್ಥನಾರಾಯಣರು ಅದರ ಶ್ರೇಯಸ್ಸು ಯಾರಿಗೆ ಸಲ್ಲಬೇಕೆಂದು ಹಂಚುತ್ತಿದ್ದರು. ಮೂರ್ತಿಗಳು ಕೋಸಂಬರಿ ತಟ್ಟೆ ಹಿಡಿದು ಶಾಂತವಾಗಿ, "ಅದೆಲ್ಲ ಬೆಳೆದ ಆಟಗಾರರ ಮಾತಾಯ್ತು. ಹದಿನೇಳರ ಹುಡುಗನ್ನ ನೋಡಿ ಹೇಳೋದು ಬೇರೆ ವಿದ್ಯೆ. ವಿಲ್ಕಿನ್ ಸುಸಾನಾ ಅಂತ ಒಬ್ಬ ಇದ್ದಾನೆ. ಇನ್ನು ಮೂರು ವರ್ಷಕ್ಕೆ ಅಮೆರಿಕದ ದೊಡ್ಡ ತಂಡದಲ್ಲಿರ್ತಾನೆ" ಎಂದರು.

ಅಶ್ವತ್ಥನಾರಾಯಣರು ಬಾಯಿ ತೆರೆದರು. ಒಳಗಿನ ಕಡಲೆಬೇಳೆ ಕಂಡಿತು. ಹಾಗೇ ಮುಚ್ಚಿದರು. ಸುತ್ತಲಿನವರು ಮೂರ್ತಿಗಳ ಕಡೆ ತಿರುಗಿ, "ಏನು ಹೆಸರಂದ್ರಿ?" ಎಂದು ಕೇಳಿದರು. ಆ ಸಂಜೆ ಮನೆಗೆ ಬರುವಾಗ ಮೂರ್ತಿಗಳು ಟ್ರಾಮ್‌ನಲ್ಲಿ ಸಣ್ಣಗೆ ಶಿಳ್ಳೆ ಹಾಕಿದರು.

ಮುಂದಿನ ಬೇಸಿಗೆ ಸುಸಾನಾ ಹೊಡೆಯುವುದು ನಿಲ್ಲಿಸಿದ. ಚೆಂಡು ಹೋಗುತ್ತಿತ್ತು, ಬ್ಯಾಟು ಹೋಗುತ್ತಿತ್ತು, ಎರಡಕ್ಕೂ ಭೇಟಿಯಾಗುತ್ತಿರಲಿಲ್ಲ. ಆಗಸ್ಟ್ ಮುಗಿಯುವ ಮೊದಲೇ ಅವನ ಹೆಸರೇ ಮಾಯವಾಯಿತು. ಮೂರ್ತಿಗಳು ಹುಡುಕಿದರು, ಎಲ್ಲೂ ಇಲ್ಲ. ದೀಪಾವಳಿ ಕೂಟದಲ್ಲಿ ಅಶ್ವತ್ಥನಾರಾಯಣರು ಬೇಕೆಂದೇ ಕೇಳಿದರು: "ಏನು ಮೂರ್ತಿಗಳೇ, ನಿಮ್ಮ ಹುಡುಗ ಹೇಗಿದ್ದಾನೆ?"

"ಮೇಲಕ್ಕೆ ಹೋಗಿದ್ದಾನೆ," ಎಂದರು ಮೂರ್ತಿಗಳು, ಮುಖ ಕದಲಿಸದೆ.

"ನಮ್ಮ ಸರ್ಜರಿಯಲ್ಲೂ ಕೆಲವರು ಹಾಗೇ ಹೋಗ್ತಾರೆ," ಎಂದಳು ಕಾಮಾಕ್ಷಿ ಪಕ್ಕದಿಂದ.

ಎರಡು ಸಾವಿರದ ಏಳರ ಜೂನ್. ಸಿರಿಶಾಳ ಪರೀಕ್ಷೆಗಳು ಮುಗಿದಿದ್ದವು. ಬಾಗಿಲಿನ ಕಂಡಿಯಲ್ಲಿ ತುರುಕಿ ಹೋಗುವ ಬಿಟ್ಟಿ ಪೇಪರನ್ನು ಅವಳು ಟೋಸ್ಟ್ ತಿನ್ನುತ್ತ ತಿರುವುತ್ತಿದ್ದಳು. "ಡ್ಯಾಡ್, ಇದು ನಿಮ್ಮ ಸುಸಾನಾ ಅಲ್ವಾ?" ಎಂದಳು. ಮೂರ್ತಿಗಳು ಕನ್ನಡಕ ಹುಡುಕಿದರು. ಕೌನ್ಸಿಲ್ ಕಸದ ಡಬ್ಬಿಗಳ ಬಗೆಗಿನ ಸುದ್ದಿಯ ಕೆಳಗೆ ಒಂದು ಸಣ್ಣ ಚಿತ್ರ: ಕ್ರೋಯ್ಡನ್ನಿನ ಪಾರ್ಕಿನಲ್ಲಿ ಭಾನುವಾರ ಆಡುವ ಬೇಸ್‌ಬಾಲ್ ಕ್ಲಬ್ಬಿಗೆ ಡೊಮಿನಿಕನ್ ಹುಡುಗನೊಬ್ಬ ಸೇರಿದ್ದಾನೆ, ಹೆಸರು ವಿಲ್ಕಿನ್ ಸುಸಾನಾ. ಮನೆಯಿಂದ ಟ್ರಾಮ್‌ನಲ್ಲಿ ನಾಲ್ಕೇ ನಿಲ್ದಾಣ.

ಮೂರ್ತಿಗಳು ಪೇಪರನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಆಮೇಲೆ, "ಯಾರಿಗೂ ಹೇಳ್ಬೇಡ," ಎಂದರು ಹೆಂಡತಿಗೆ. ಕಾಮಾಕ್ಷಿ ಯಾರಿಗೂ ಹೇಳಲಿಲ್ಲ, ಅಶ್ವತ್ಥನಾರಾಯಣರ ಹೆಂಡತಿಗೆ ಬಿಟ್ಟು.

ಭಾನುವಾರ ಕಾಮಾಕ್ಷಿ ಪುಳಿಯೋಗರೆ ಕಟ್ಟಿಕೊಂಡಳು. ಮಗಳೂ ಸೇರಿ ಮೂವರೂ ಪಾರ್ಕಿಗೆ ಹೋದರೆ ಅಶ್ವತ್ಥನಾರಾಯಣರು ಹೌನ್ಸ್ಲೋದಿಂದ ಬಂದು ಮಡಿಸುವ ಕುರ್ಚಿ ಹಾಕಿ ಕೂತೇ ಇದ್ದರು. ಮೈದಾನದ ಒಂದು ಪಕ್ಕ ಬೇಸ್‌ಬಾಲ್, ಇನ್ನೊಂದು ಪಕ್ಕ ಯಾರೋ ಬಿಳಿ ಬಟ್ಟೆ ತೊಟ್ಟು ಕ್ರಿಕೆಟ್. ಪ್ರೇಕ್ಷಕರೆಂದರೆ ಇವರು ನಾಲ್ವರು, ಒಂದು ನಾಯಿ.

ಇಲ್ಲಿ ಒಂದು ವಿಷಯ ಹೇಳಬೇಕು. ನಾಲ್ಕು ವರ್ಷ ಬೇಸ್‌ಬಾಲ್ ಅಧ್ಯಯನ ಮಾಡಿದ ನರಸಿಂಹಮೂರ್ತಿಗಳು ಒಂದೇ ಒಂದು ಆಟವನ್ನೂ ಪೂರ್ತಿ ನೋಡಿರಲಿಲ್ಲ. ಅಂಕಿಗಳಿದ್ದಾಗ ಆಟ ಯಾಕೆ ಬೇಕು?

ಸುಸಾನಾ ಬ್ಯಾಟು ಹಿಡಿದು ಬಂದ. ಎತ್ತರದ, ಸ್ವಲ್ಪ ಬಾಗಿದ ಹುಡುಗ. ಎರಡನೆಯ ಚೆಂಡಿಗೇ ಬೀಸಿದ ಏಟು ಆಕಾಶಕ್ಕೆ ಹೋಗಿ, ಮರಗಳನ್ನು ದಾಟಿ, ಪಕ್ಕದ ಕ್ರಿಕೆಟ್ ಪಿಚ್ಚಿನ ಮಧ್ಯೆ ಬಿತ್ತು. ಅಲ್ಲಿನ ವಿಕೆಟ್ ಕೀಪರ್ ಹಾರಿ ಪಕ್ಕಕ್ಕೆ ಸರಿದ. ಮೂರ್ತಿಗಳು ಎರಡೂ ಕೈ ಮೇಲೆತ್ತಿ ನಿಂತರು. ಕಣ್ಣಲ್ಲಿ ನೀರು.

"ಇದಕ್ಕೆಷ್ಟು ರನ್, ಮೂರ್ತಿಗಳೇ?" ಎಂದು ಅಶ್ವತ್ಥನಾರಾಯಣರು ಮೊದಲ ಬಾರಿಗೆ ವಿನಯದಿಂದ ಕೇಳಿದರು.

"ನಾಲ್ಕು. ಕಡಿಮೆ ಅಂದ್ರೂ ನಾಲ್ಕು."

"ನಥಿಂಗ್, ಡ್ಯಾಡ್," ಎಂದಳು ಸಿರಿಶಾ. "ಗೆರೆಯಿಂದ ಆಚೆ ಹೋಯ್ತು. ಇಟ್ಸ್ ಎ ಫೌಲ್."

ಅಂಪೈರ್ ಕೂಡ ಅದನ್ನೇ ಹೇಳುತ್ತಿದ್ದ. ಮುಂದಿನ ಎರಡು ಚೆಂಡುಗಳು ಬಾಗಿ ಬಂದವು. ಸುಸಾನಾ ಎರಡಕ್ಕೂ ಜೋರಾಗಿ ಗಾಳಿಗೆ ಬೀಸಿ, ಮೂರು ಅವಕಾಶವೂ ಮುಗಿದು ಔಟಾಗಿ ಹೊರಟ. ಕೈ ಇಳಿಸಲು ಮರೆತಿದ್ದ ಮೂರ್ತಿಗಳು ಈಗ ಇಳಿಸಿದರು. ಅಶ್ವತ್ಥನಾರಾಯಣರು ಥರ್ಮಾಸಿನಿಂದ ಕಾಫಿ ಬಗ್ಗಿಸಿಕೊಂಡರು. ಬೈದಿದ್ದರೇ ವಾಸಿಯಿತ್ತು.

ಆಟ ಮುಗಿದ ಮೇಲೆ ಸಿರಿಶಾ ನೇರ ಹೋಗಿ ಹುಡುಗನನ್ನು ಕರೆತಂದಳು. ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಇವಳು ಅವನ ಜೊತೆ ಅವನದೇ ಭಾಷೆ ಸ್ಪ್ಯಾನಿಷ್‌ನಲ್ಲಿ ಪಟಪಟನೆ ಮಾತಾಡುತ್ತಿದ್ದಳು. ಮೂರ್ತಿಗಳು ಹುಡುಗನನ್ನು ನೋಡುವುದು ಬಿಟ್ಟು ಮಗಳನ್ನೇ ನೋಡಿದರು.

ಹುಡುಗನ ತಾಯಿ ಮೊದಲು ಸ್ಪೇನಿಗೆ ದುಡಿಯಲು ಹೋಗಿ, ಅಲ್ಲಿನ ಪೌರತ್ವ ಪಡೆದು, ಆಮೇಲೆ ಲಂಡನ್ನಿಗೆ ಬಂದಿದ್ದಳಂತೆ. ತಂಡ ಕೈಬಿಟ್ಟ ಮೇಲೆ ಇವನೂ ತಾಯಿಯ ಹತ್ತಿರ ಬಂದ. ಒಂದು ಬೆಳಗ್ಗೆ ಶಿಬಿರದವರು ಕರೆದು, ಬ್ಯಾಗು ತುಂಬಿಕೋ ಎಂದು ಊರಿನ ಬಸ್ಸು ಹತ್ತಿಸಿದರಂತೆ. ನೇರ ಬರುವ ಚೆಂಡನ್ನು ಎಷ್ಟು ವೇಗವಿದ್ದರೂ ಹೊಡೆಯುತ್ತೇನೆ, ಬಾಗುವ ಚೆಂಡು ನನಗೆ ಕಾಣುವುದೇ ಇಲ್ಲ ಎಂದ. ಇದನ್ನೆಲ್ಲ ಪುಳಿಯೋಗರೆ ತಿನ್ನುತ್ತಲೇ, ಬೇರೆ ಯಾರದೋ ಕಥೆ ಎಂಬಂತೆ ಹೇಳಿದ.

ಮೂರ್ತಿಗಳು ಇನ್ನು ತಡೆಯಲಾರದೆ ಅವನ ಮೊದಲ ಬೇಸಿಗೆಯ ಅಂಕಿಗಳನ್ನು ಒಪ್ಪಿಸತೊಡಗಿದರು. ಸಿರಿಶಾ ಅನುವಾದಿಸಿದಂತೆ ಹುಡುಗ ತಿನ್ನುವುದನ್ನು ನಿಲ್ಲಿಸಿದ. ಆಮೇಲೆ ನಗಲು ಶುರುಮಾಡಿದ.

"ಏನಂತೆ?"

ಸಿರಿಶಾ ಹೇಳಲೋ ಬೇಡವೋ ಎಂದು ನೋಡಿದಳು. "ಅಪ್ಪಾ, ಅಲ್ಲಿ ಸ್ಕೋರ್ ಬರೀತಿದ್ದೋನು ಕ್ಯಾಂಪಿನ ಅಡುಗೆಯವನ ಅಳಿಯ ಅಂತೆ. ಅರ್ಧ ಆಟ ನಿದ್ದೆ ಮಾಡ್ತಿದ್ನಂತೆ. ಎದ್ದ ಮೇಲೆ ಇವರನ್ನೇ ಕೇಳಿ ಬರ್ಕೊಳ್ತಿದ್ನಂತೆ. ಇವನು ಹೇಳ್ದಷ್ಟು ಬರ್ಕೊಂಡ."

ಅವಳು ಬಹಳ ವರ್ಷದ ಮೇಲೆ ಅಪ್ಪಾ ಅಂದಿದ್ದಳು. ಆ ಹೊತ್ತಿನಲ್ಲಿ ಮೂರ್ತಿಗಳಿಗೆ ಅದು ಕೇಳಿಸಿತೋ ಇಲ್ಲವೋ.

ಹುಡುಗ ಇನ್ನೇನೋ ಕೇಳಿದ. ಲಂಡನ್ನಿನಲ್ಲಿ ನನ್ನ ಬಗ್ಗೆ ಯಾರಿಗೆ ಏನು ಹೇಳಿದ್ದೀರಿ ಎಂದು ಕೇಳುತ್ತಿದ್ದಾನೆ ಎಂದಳು ಸಿರಿಶಾ. ಅಶ್ವತ್ಥನಾರಾಯಣರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಮೂರ್ತಿಗಳು ಹುಲ್ಲು ನೋಡಿದರು. "ಮೇಲಕ್ಕೆ ಹೋಗಿದ್ದಾನೆ ಅಂತ ಹೇಳಿದ್ದೆ. ಸುಳ್ಳು ಅಂತ ಗೊತ್ತಿದ್ದೇ ಹೇಳಿದ್ದೆ ಅನ್ನು."

ಹುಡುಗ ಯೋಚಿಸಿ, ಸುಳ್ಳೇನಲ್ಲ ಎಂದ. ಕ್ರೋಯ್ಡನ್ ಸ್ಟೇಷನ್ ಪಕ್ಕದ ಆಫೀಸು ಕಟ್ಟಡದಲ್ಲಿ ಕ್ಲೀನಿಂಗ್ ಕೆಲಸ ಸಿಕ್ಕಿದೆ, ಹದಿನೈದನೇ ಮಹಡಿ. ಇಷ್ಟು ಮೇಲಕ್ಕೆ ತನ್ನ ತಂಡದವರು ಯಾರೂ ಹೋಗಿಲ್ಲ. ಮೊದಲು ನಕ್ಕದ್ದು ಅಶ್ವತ್ಥನಾರಾಯಣರು. ಸ್ವಲ್ಪ ತಡೆದು ಮೂರ್ತಿಗಳೂ ನಕ್ಕರು.

ಹಿಂದಿರುಗುವಾಗ ಟ್ರಾಮ್‌ನಲ್ಲಿ ಅವರು ಮಗಳ ಪಕ್ಕ ಕೂತರು. "ಸ್ಪ್ಯಾನಿಷ್ ಯಾವಾಗ ಕಲಿತೆ?"

"ಇಟ್ಸ್ ಮೈ ಎ ಲೆವೆಲ್, ಡ್ಯಾಡ್. ಯೂನಿವರ್ಸಿಟಿಯಲ್ಲೂ ಅದೇ. ಲೀಡ್ಸ್."

"ಯಾಕೆ ಸ್ಪ್ಯಾನಿಷ್?"

ಸಿರಿಶಾ ಕಿಟಕಿಯ ಕಡೆ ನೋಡಿದಳು. "ನಿಮ್ಮ ಹುಡುಗರ ಹೆಸರು ಊಟದ ಹೊತ್ತಲ್ಲಿ ಕೇಳಿ ಕೇಳಿ. ನಿಮ್ಮ ಜೊತೆ ಮಾತಾಡೋಕೆ ಏನಾದ್ರೂ ಇರುತ್ತೆ ಅನ್ಕೊಂಡೆ."

ಮುಂದಿನ ನಿಲ್ದಾಣ ಬಂದ ಮೇಲೆ ಮೂರ್ತಿಗಳು, "ಲೀಡ್ಸ್‌ನಲ್ಲಿ ಚಳಿ ಜಾಸ್ತಿ ಅಲ್ವಾ?" ಎಂದರು. ಜಾಸ್ತಿಯಂತೆ ಎಂದಳು ಅವಳು. ಅಲ್ಲಿಂದ ಮನೆ ಮುಟ್ಟುವವರೆಗೆ ಇಬ್ಬರೂ ಚಳಿಯ ವಿಚಾರವನ್ನೇ ಮಾತಾಡಿದರು. ಕಾಮಾಕ್ಷಿ ಹಿಂದಿನ ಸೀಟಿನಲ್ಲಿ ಖಾಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೇಳುತ್ತಿದ್ದಳು. ಅವತ್ತು ಒಂದೂ ಕೊಂಕು ಆಡಲಿಲ್ಲ.

ಬೇಸಿಗೆ ಲೀಗಿನ ಅಂಕಿಗಳನ್ನು ಮೂರ್ತಿಗಳು ಇನ್ನೂ ಒಂದು ವರ್ಷ ನೋಡಿದರು. ಆದರೆ ಯಾರಾದರೂ ಚೆನ್ನಾಗಿ ಹೊಡೆದಿದ್ದಾನೆಂದು ಕಂಡಾಗಲೆಲ್ಲ ಅಡುಗೆಯವನ ಅಳಿಯ ನೆನಪಾಗುತ್ತಿದ್ದ. ಕೊನೆಗೆ ಬಿಟ್ಟರು. ಬದಲಿಗೆ ಭಾನುವಾರ ಪಾರ್ಕಿಗೆ ಹೋಗಿ ಆಟದ ನಿಯಮ ಕಲಿತರು. ಕಾಮಾಕ್ಷಿ ಸರ್ಜರಿಯ ಗೋಡೆಯ ಮೇಲೆ ಯಾರೂ ಓದದೆ ನೇತಾಡುತ್ತಿದ್ದ ಕೌನ್ಸಿಲ್‌ನ ಇಂಗ್ಲಿಷ್ ಕ್ಲಾಸಿನ ಪೋಸ್ಟರನ್ನೇ ಕಿತ್ತು ವಿಲ್ಕಿನ್ ಕೈಗೆ ಕೊಟ್ಟಿದ್ದಳು. ಅವನು ಹೋದ, ಕಲಿತ. ಅಶ್ವತ್ಥನಾರಾಯಣರೂ ಆಗಾಗ ಬಂದು, ಬಾಗುವ ಚೆಂಡನ್ನು ಹೇಗೆ ಆಡಬೇಕೆಂದು ಬೆಂಗಳೂರು ನೆಟ್ಸ್ ಉದಾಹರಣೆ ಸಹಿತ ಅವನಿಗೆ ವಿವರಿಸುತ್ತಿದ್ದರು. ಇಂಗ್ಲಿಷ್ ಅರ್ಥವಾಗತೊಡಗಿದ ಮೇಲೆ ಅವನು ಅವರಿಂದ ಸ್ವಲ್ಪ ದೂರವೇ ನಿಲ್ಲುತ್ತಿದ್ದ.

ಎರಡು ಸಾವಿರದ ಒಂಬತ್ತರಲ್ಲಿ ವಿಲ್ಕಿನ್ ಸುಸಾನಾ ಬಸ್ ಡ್ರೈವರ್ ಆದ. ವೆಸ್ಟ್ ಕ್ರೋಯ್ಡನ್ ಕಡೆಯಿಂದ ಹೊರಡುವ ಅವನ ಬಸ್ಸು ಸಿಕ್ಕಿದ ದಿನ ಮೂರ್ತಿಗಳು ಮುಂದಿನ ಸೀಟಿನಲ್ಲೇ ಕೂರುತ್ತಾರೆ. ಸ್ವಲ್ಪ ದೂರ ಹೋದ ಮೇಲೆ ಪಕ್ಕದವರ ಕಡೆ ವಾಲಿ, ಈ ಡ್ರೈವರ್ ಇದ್ದಾನಲ್ಲ, ಇವನನ್ನು ಹದಿನೇಳನೇ ವಯಸ್ಸಿಗೇ ನಾನು ಗುರುತಿಸಿದ್ದೆ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳುತ್ತಾರೆ. ಪಕ್ಕದವರು ಲಂಡನ್ನಿನವರು. ಒಂದು ಸಲ ಸಭ್ಯವಾಗಿ ತಲೆಯಾಡಿಸಿ ಕಿಟಕಿಯ ಕಡೆ ತಿರುಗುತ್ತಾರೆ.